ಬ್ರೇಕಿಗೆ ಹರಳೆಣ್ಣೆ

ನಮ್ಮ ಮನೆಯಲ್ಲಿ ಅತ್ತೆ ಸೊಸೆ ಜಗಳ ಆಡುವುದಿಲ್ಲ. ಆಡಿದ್ದರೆ ಮಧ್ಯಸ್ಥಿಕೆ ಮಾಡುವವನು ಅಂತ ನನಗೂ ಒಂದು ಮರ್ಯಾದೆ ಇರುತ್ತಿತ್ತು. ನಮ್ಮಮ್ಮ ಮುನಿಶಾಮಮ್ಮ, ನನ್ನ ಹೆಂಡತಿ ಆಶಾರಾಣಿ ಇಬ್ಬರೂ ಸಾಯಂಕಾಲ ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಾ ನನ್ನ ವಿಷಯ ಮಾತಾಡಿಕೊಂಡು ನಗುತ್ತಿರುತ್ತಾರೆ. ನಾನು ವೇಮಗಲ್ ಫ್ಯಾಕ್ಟರಿಯಲ್ಲಿ ಶಿಫ್ಟು ಮುಗಿಸಿ ಯಲ್ದೂರಿಗೆ ಬಂದು ಬೈಕು ನಿಲ್ಲಿಸಿದ ಕೂಡಲೇ ಸುಮ್ಮನಾಗುತ್ತಾರೆ. ಏನು ಮಾತು ಅಂದರೆ ಏನಿಲ್ಲ ಅನ್ನುತ್ತಾರೆ. ಅಂಥ ಮನೆಯಲ್ಲಿ ಇಬ್ಬರೂ ಮೊದಲ ಸಲ ಮುಖ ಸಿಂಡರಿಸಿಕೊಂಡಿದ್ದು ಒಂದು ಸೈಕಲ್ಲಿನಿಂದ. ನಿಜ ಹೇಳಬೇಕೆಂದರೆ ನನಗೆ ಸ್ವಲ್ಪ ಖುಷಿಯೇ ಆಗಿತ್ತು.

ಆಶಾ ಶ್ರೀನಿವಾಸಪುರದ ಒಂದು ಶಾಲೆಯಲ್ಲಿ ಪಿ.ಟಿ. ಮೇಡಂ. ಅವಳ ಜೊತೆ ಕಾಲೇಜಿನಲ್ಲಿ ಓದಿದ ಕದಿರೇಶ್ ಎಂಬುವವನಿಗೆ ನಮ್ಮೂರಿಂದ ಸ್ವಲ್ಪ ದೂರದಲ್ಲಿ ಮಾವಿನ ತೋಟ ಇದೆ. ತೋಟದ ಹಿಂದೆ ಬಂಡೆಗುಡ್ಡ. ಈ ಪುಣ್ಯಾತ್ಮ ಗುಡ್ಡದ ನೆತ್ತಿಯಿಂದ ತೋಟದ ಬೇಲಿಯವರೆಗೆ ಸೈಕಲ್ ಇಳಿಸಲು ಒಂದು ದಾರಿ ಕಡಿಸಿದ್ದಾನೆ. ದಾರಿ ಅಂದೆ, ಮೇಕೆಗಳು ಕೂಡ ಯೋಚನೆ ಮಾಡಿ ಹೆಜ್ಜೆ ಇಡುವಂಥದ್ದು. ಬಂಡೆಗಳ ಸಂದು, ಮಣ್ಣು ಏರಿಸಿದ ತಿರುವು, ಒಂದು ಕಡೆ ನೆಗೆಯಲು ಹಲಗೆ. ಭಾನುವಾರ ಕೋಲಾರ, ಮಾಲೂರು ಕಡೆಯಿಂದ ಹುಡುಗರು ಬಂದು ಅಲ್ಲಿ ಬಿದ್ದು ಎದ್ದು ಹೋಗುತ್ತಾರೆ.

ಒಂದು ಭಾನುವಾರ ಕದಿರೇಶ್ ತನ್ನ ಸೈಕಲ್ಲನ್ನು ಆಶಾಗೆ ಕೊಟ್ಟ. ಅವಳು ಹುಬ್ಬಿನವರೆಗೆ ಕೆಮ್ಮಣ್ಣು ಮೆತ್ತಿಕೊಂಡು ಮನೆಗೆ ಬಂದಳು. ನಮ್ಮ ಮದುವೆಯ ಫೋಟೋಗಳಲ್ಲಿ ಕೂಡ ಅವಳ ಮುಖ ಅಷ್ಟು ಬೆಳಗಿಲ್ಲ. ಅನುಮಾನವಾಗಿ ಆಲ್ಬಂ ತೆಗೆದು ನೋಡಿದೆ, ಇಲ್ಲ. ರಾತ್ರಿ ಊಟಕ್ಕೆ ಕೂತಾಗ ತನಗೆ ಅಂಥದ್ದೊಂದು ಸೈಕಲ್ ಬೇಕು ಅಂದಳು.

"ಇಷ್ಟು ವರ್ಷ ಊರ ಮಕ್ಕಳಿಗೆಲ್ಲಾ ಓಡಿ ಓಡಿ ಅಂತ ಸೀಟಿ ಊದಿದ್ದಾಯ್ತು ಅತ್ತೆ. ಇದೊಂದು ನನಗೆ ಬೇಕು."

"ವದ್ದಮ್ಮಾ," ಅಂದಳು ಅಮ್ಮ. ನಮ್ಮಮ್ಮನ ಕೋಪಕ್ಕೆ ಕನ್ನಡ ಸಾಕು. ಹೆದರಿಕೆಯಾದರೆ ಮಾತ್ರ ತೆಲುಗು ಬರುತ್ತದೆ. ಬೇಡ ಅನ್ನುವುದಕ್ಕೆ ಅವಳು ಕೊಟ್ಟ ಕಾರಣವೂ ತೆಗೆದುಹಾಕುವಂಥದ್ದಲ್ಲ. ಜನ ಬೆಟ್ಟ ಹತ್ತುವುದು ಮೇಲೆ ದೇವರಿದ್ದಾನೆ ಅಂತ, ಇಳಿಯುವುದು ಬೇರೆ ದಾರಿಯಿಲ್ಲ ಅಂತ. ಇಳಿಯುವುದಕ್ಕೆಂದೇ ಬೆಟ್ಟಕ್ಕೆ ಹೋಗುವವರನ್ನು ತಾನು ಕಂಡಿಲ್ಲ, ಕೇಳಿಲ್ಲ ಅಂದಳು.

ಆಮೇಲೆ ಮನೆ ಮನೆಯಾಗಿ ಉಳಿಯಲಿಲ್ಲ. ಅವರೆಕಾಯಿಯನ್ನು ಒಬ್ಬೊಬ್ಬರೇ ಸುಲಿದರು. ಆಶಾ ಎದುರು ಮಾತಾಡಲಿಲ್ಲ, ಅತ್ತು ಕರೆಯಲೂ ಇಲ್ಲ. ಶಾಲೆಗೆ ಹೋಗುವಳು, ಬರುವಳು, ತಟ್ಟೆಯಲ್ಲಿ ಅರ್ಧ ಮುದ್ದೆ ಬಿಡುವಳು. ನಾನು ಒಂದು ವಾರ ಊಟ ಬಿಟ್ಟರೂ ಕಣ್ಣಿಗೆ ಬೀಳದ ಅಮ್ಮನಿಗೆ ಸೊಸೆ ಬಿಟ್ಟ ಅರ್ಧ ಮುದ್ದೆ ಗಂಟಲಲ್ಲಿ ಸಿಕ್ಕಿಕೊಂಡಿತು. ಕೊನೆಗೆ ಅವಳೇ ಸೋತಳು, ಆದರೆ ಒಂದು ಷರತ್ತು ಹಾಕಿ ಸೋತಳು.

"ತಗೋ. ಆದ್ರೆ ಆರಿಸೋಕೆ ನಾನೂ ಬರ್ತೀನಿ. ಮೊದಲ್ನೇ ಸಲ ಇಳಿಯೋದನ್ನ ನಾನು ನಿಂತ್ಕೊಂಡು ನೋಡ್ಬೇಕು. ನನ್ ಜೀವ ಒಪ್ಪಲಿಲ್ಲಾಂದ್ರೆ ಮಾರ್‍ಬಿಡ್ಬೇಕು. ಮತ್ತೆ ಆ ಸುದ್ದಿ ಎತ್ತಬಾರ್ದು."

ಆಶಾ ಅಮ್ಮನ ಕೈಮೇಲೆ ಕೈಯಿಟ್ಟು ಆಯ್ತು ಅಂದಳು. ಅವಳು ಕೊಟ್ಟ ಮಾತಿಗೆ ತಪ್ಪುವವಳಲ್ಲ. ಇಲ್ಲದಿದ್ದರೆ ನನ್ನನ್ನು ಮದುವೆಯಾಗುತ್ತಿದ್ದಳೇ.

ಬೆಂಗಳೂರಿನ ಸೈಕಲ್ ಅಂಗಡಿಗೆ ಮೂವರೂ ಹೋದೆವು. ಅಮ್ಮ ಹಸು ಕೊಳ್ಳಲು ಹೋದವಳ ಹಾಗೆ ಪ್ರತಿ ಸೈಕಲ್ಲಿಗೂ ಒಂದು ಸುತ್ತು ಬಂದಳು. ಕ್ಯಾರಿಯರ್ ಇಲ್ಲ, ಸ್ಟ್ಯಾಂಡ್ ಇಲ್ಲ, ಬೆಲ್ಲಿಲ್ಲ, ಮಡ್‌ಗಾರ್ಡಿಲ್ಲ. ಇಷ್ಟೆಲ್ಲಾ ಕಳಚಿ ಇಟ್ಟುಕೊಂಡು ಮಾರುತ್ತಾರಲ್ಲ ಅಂತ ನನ್ನ ಕಿವಿಯಲ್ಲಿ ಹೇಳಿದಳು. ನಾನೂ ಗಂಡಸು ಅನ್ನಿಸಿಕೊಳ್ಳಬೇಕಲ್ಲ, ಒಂದು ಹಗುರವಾದ ಸೈಕಲ್ಲನ್ನು ಒಂದೇ ಕೈಯಲ್ಲಿ ಎತ್ತಿ, ಇದೇ ಚೆನ್ನಾಗಿದೆ ಅಂದೆ. ಆಶಾ ನನ್ನನ್ನು ನೋಡಿದ ನೋಟದಲ್ಲಿ ದಡ್ಡ ಹುಡುಗರ ಮೇಲಿರುವಷ್ಟೇ ಕರುಣೆ ಇತ್ತು. ಅದು ಟಾರು ರಸ್ತೆಯಲ್ಲಿ ಓಡುವುದಕ್ಕೆ, ಬಂಡೆಯ ಮೇಲೆ ಇಳಿಸಿದರೆ ಮೊದಲು ಅದರ ಎಲುಬು ಮುರಿಯುತ್ತದೆ, ಆಮೇಲೆ ತನ್ನದು ಅಂದಳು. ಇಳಿಜಾರಿಗೆ ಮುಂದೂ ಹಿಂದೂ ಶಾಕ್ ಅಬ್ಸಾರ್ಬರ್ ಬೇಕು, ದಪ್ಪ ಟಯರು ಬೇಕು, ಅಗಲವಾದ ಹ್ಯಾಂಡಲ್ ಬೇಕು. ಸೀಟು ಕೆಳಗಿಳಿಯಬೇಕು, ಯಾಕೆಂದರೆ ಇಳಿಯುವಾಗ ಯಾರೂ ಕೂರುವುದಿಲ್ಲ. ಪೆಡಲ್ ಮೇಲೆ ನಿಂತು ಮೈಯನ್ನು ಹಿಂದಕ್ಕೆ ಇಟ್ಟುಕೊಳ್ಳುತ್ತಾರೆ.

ಅಂಗಡಿಯವನು ಖುಷಿಯಾಗಿ ಒಂದು ಭಾರಿ ಸೈಕಲ್ ತಂದು ನಿಲ್ಲಿಸಿದ. ಬೆಟ್ಟ ಇಳಿಯುವುದಕ್ಕೆಂದೇ ಮಾಡಿದ್ದು, ಇದಕ್ಕಿಂತ ಗಟ್ಟಿ ಇನ್ನೊಂದಿಲ್ಲ, ಆದರೆ ತುಳಿದುಕೊಂಡು ಹತ್ತುವುದಕ್ಕಾಗುವುದಿಲ್ಲ ಅಂದ. ಹಾಗಾದರೆ ಮೇಲಕ್ಕೆ ಯಾರು ಹೊರುತ್ತಾರೆ ಅಂತ ಅಮ್ಮ ಕೇಳಿದಳು. ಮೂವರೂ ತಿರುಗಿ ನನ್ನನ್ನು ನೋಡಿದರು. ನಾನು ಹತ್ತುವುದಕ್ಕೂ ಇಳಿಯುವುದಕ್ಕೂ ಎರಡಕ್ಕೂ ಆಗುವಂಥದ್ದು ತೋರಿಸಪ್ಪ ಅಂದೆ. ಆ ದಿನ ಅಂಗಡಿಯಲ್ಲಿ ನಡೆದದ್ದು ನನ್ನದು ಅದೊಂದೇ ಮಾತು.

ಹಾಗೆ ಆಗುವಂಥವು ಎರಡಿದ್ದವು. ಅಂಗಡಿಯವನು ಯಾವುದು ಎಷ್ಟು ಜೋರಾಗಿ ಹೋಗುತ್ತದೆ ಅಂತ ವರ್ಣನೆ ಮಾಡುತ್ತಿದ್ದ. ಅಮ್ಮ ಅದನ್ನು ಕೇಳಿಸಿಕೊಳ್ಳಲೇ ಇಲ್ಲ.

"ಹೋಗೋದು ಹಂಗಿರ್ಲಿ ಕಣಪ್ಪ. ಚೆನ್ನಾಗಿ ನಿಲ್ಲೋದು ಯಾವುದು?"

ಅವನಿಂದ ಎರಡನ್ನೂ ಬೀದಿಯಲ್ಲಿ ಓಡಿಸಿ ತನ್ನ ಮುಂದೆಯೇ ಬ್ರೇಕ್ ಹಾಕಿಸಿದಳು. ಎರಡನೆಯದು ಕಿರ್ರೆಂದು ಅರಚಿಕೊಂಡು, ಹೇಳಿದ ಜಾಗಕ್ಕಿಂತ ಒಂದು ಗೇಣು ಮೊದಲೇ ನಿಂತಿತು. ಆಶಾಗೆ ಅಳತೆಯೂ ಅದೇ ಸರಿಹೋಯಿತು. ಅದನ್ನೇ ತಂದೆವು.

ಭಾನುವಾರ ಬೆಳಿಗ್ಗೆ ಮನೆ ಮುಂದೆ ಪೂಜೆ. ಹೊಸ ಗಾಡಿಗೆ ಪೂಜೆಯಿಲ್ಲದೆ ಅಮ್ಮ ಹೊಸ್ತಿಲ ಮುಂದಿನಿಂದ ಅಲುಗಾಡಿಸಲು ಬಿಡುವುದಿಲ್ಲ. ಆಶಾ ಒಳಗೆ ಮಂಡಿಗೆ ಮೊಣಕೈಗೆ ಕವಚ ಕಟ್ಟಿಕೊಳ್ಳುತ್ತಿದ್ದಳು. ನಾನು ತೆಂಗಿನಕಾಯಿಯ ನಾರು ತೆಗೆಯುತ್ತಿದ್ದೆ. ಅಮ್ಮ ಹ್ಯಾಂಡಲ್ಲಿಗೆ ಅರಿಶಿನ ಕುಂಕುಮ ಇಟ್ಟು, ಚೆಂಡುಹೂವಿನ ಹಾರ ಹಾಕಿ, ಚಕ್ರಗಳ ಕೆಳಗೆ ಒಂದೊಂದು ನಿಂಬೆಹಣ್ಣು ಇಟ್ಟಳು. ಆಮೇಲೆ ಒಳಗಿಂದ ಹರಳೆಣ್ಣೆ ಬಟ್ಟಲು ತಂದು, ಬತ್ತಿಯನ್ನು ಅದ್ದಿ, ಚಕ್ರದ ನಡುವೆ ಬಹಳ ಹೊತ್ತು ಏನೋ ಸವರಿದಳು. ನಮ್ಮಮ್ಮನ ಲೋಕದಲ್ಲಿ ಹರಳೆಣ್ಣೆಗೆ ಬಗ್ಗದ ಕಾಯಿಲೆ ಇಲ್ಲ. ಮಗುವಿನ ಹೊಟ್ಟೆನೋವಿಗೆ ಅದೇ, ಬಾಗಿಲ ಕೀಲಿಗೆ ಅದೇ, ನನ್ನ ತಲೆಗೂ ಅದೇ. ಬೇಡ ಬೇಡ ಅಂದವಳು ಎಷ್ಟು ಅಕ್ಕರೆಯಿಂದ ಮಾಡುತ್ತಿದ್ದಾಳೆ ಅಂತ ನನಗೆ ಕಣ್ಣು ತುಂಬಿ ಬಂತು. ಕೆಲಸಕ್ಕೆ ಬಾರದ ಹೊತ್ತಿನಲ್ಲೇ ನನಗೆ ಕಣ್ಣು ತುಂಬುವುದು.

ಕದಿರೇಶನ ಜೀಪಿನಲ್ಲಿ ಗುಡ್ಡದ ಮೇಲೆ ಹೋದೆವು. ಇಳಿಯುವ ದಾರಿ ಶುರುವಾಗುವ ಕಡೆ ಸಣ್ಣದೊಂದು ಇಳಿಜಾರು ಇದೆ. ಮೊದಲು ಅಲ್ಲಿ ಬ್ರೇಕು ನೋಡಿಕೊಂಡು ಆಮೇಲೆ ಹೊರಡಬೇಕು ಅನ್ನುವುದು ಅವನ ಕಟ್ಟುನಿಟ್ಟು. ಆಶಾ ಹೆಲ್ಮೆಟ್ ಹಾಕಿಕೊಂಡು ಹತ್ತಿದಳು. ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಳು. ಸೈಕಲ್ ಹೊರಟಿತು. ಆಶಾ ಬ್ರೇಕ್ ಹಿಡಿದಳು. ಅದು ನಿಲ್ಲಲಿಲ್ಲ. ಎರಡೂ ಕೈಯಲ್ಲಿ ಅದುಮಿದಳು. ಹಂದಿ ಕೂಗಿದ ಹಾಗೆ ಒಂದು ಸದ್ದು ಬಂತೇ ಹೊರತು ಸೈಕಲ್ ತನ್ನ ಪಾಡಿಗೆ ಹೋಗುತ್ತಲೇ ಇತ್ತು. ಅವಳು ಹ್ಯಾಂಡಲ್ ತಿರುಗಿಸಿ ಪಕ್ಕದ ಲಂಟಾನ ಪೊದೆಗೆ ನುಗ್ಗಿಸಿದಳು.

ನಾವು ಓಡಿದೆವು. ಎಲ್ಲರಿಗಿಂತ ಮುಂದೆ ಅಮ್ಮ ಇದ್ದಳು. ಆಶಾಗೆ ಮುಂಗೈ ಮೇಲೆ ತರಚಿದ್ದು ಬಿಟ್ಟರೆ ಏನೂ ಆಗಿರಲಿಲ್ಲ. ಕದಿರೇಶ್ ಸೈಕಲ್ ಎತ್ತಿ, ಚಕ್ರದ ನಡುವಿನ ಬ್ರೇಕ್ ಡಿಸ್ಕನ್ನು ಬೆರಳಿನಿಂದ ಮುಟ್ಟಿ ಮೂಸಿ ನೋಡಿದ. ಇದಕ್ಕೆ ಎಣ್ಣೆ ಹಾಕಿದ್ದು ಯಾರು ಅಂದ.

"ನಾನೇ. ಹರಳೆಣ್ಣೆ," ಅಂದಳು ಅಮ್ಮ. "ನಿಲ್ಲಿಸ್ದಾಗೆಲ್ಲಾ ಅರಚ್ಕೊಳ್ತಿತ್ತಲ್ಲ, ಪಾಪ."

ಆ ಡಿಸ್ಕು ಒಣಗಿದ್ದರೇ ಹಿಡಿತ, ಅಲ್ಲಿಗೆ ಎಣ್ಣೆ ಸೋಕಿದರೆ ಬ್ರೇಕು ಇದ್ದೂ ಇಲ್ಲದ ಹಾಗೆ, ಎಣ್ಣೆ ಹಾಕಬೇಕಾದ್ದು ಚೈನಿಗೆ ಅಂತ ಕದಿರೇಶ್ ಮೆಲ್ಲಗೆ ಹೇಳಿದ. ಅಮ್ಮನ ಮುಖ ಅಷ್ಟು ಚಿಕ್ಕದಾದದ್ದನ್ನು ನಾನು ನೋಡಿರಲಿಲ್ಲ. ಈಗ ಅವಳು ಮಾರಿಬಿಡು ಅಂದರೆ ಮುಗಿಯಿತು. ಆಶಾ ಮರುಮಾತಾಡದೆ ಮಾರುತ್ತಾಳೆ, ಜನ್ಮದಲ್ಲಿ ಮತ್ತೆ ಕೇಳುವುದಿಲ್ಲ. ಆ ಕೆಮ್ಮಣ್ಣಿನ ಮುಖ ಇನ್ನು ನಮ್ಮ ಬಾಗಿಲಿಗೆ ಬರುವುದಿಲ್ಲ.

ಅಮ್ಮ ಕೂತು ಆಶಾಳ ಕೈಯಿಂದ ಮುಳ್ಳು ಕೀಳುತ್ತಿದ್ದಳು. ತಲೆ ಎತ್ತದೆಯೇ ಕೇಳಿದಳು.

"ಅತ್ತೆ ಬೇಕಂತ್ಲೇ ಹಾಕಿದ್ಲು ಅನ್ಕೊಂಡ್ಯೇನಮ್ಮಾ?"

ಆಶಾ ಹೆಲ್ಮೆಟ್ ತೆಗೆದಳು.

"ತಡೀಬೇಕು ಅಂತಿದ್ರೆ ನೀವು ಎಣ್ಣೆ ಹಾಕ್ತಿರ್ಲಿಲ್ಲ ಅತ್ತೆ. ನೇರವಾಗಿ ಟಯರಿಂದ ಗಾಳಿ ಬಿಡ್ತಿದ್ರಿ."

ಅಮ್ಮನಿಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಎರಡನ್ನೂ ಸೆರಗಿನಲ್ಲಿ ಒರೆಸಿಕೊಂಡಳು. ಇಬ್ಬರೂ ಮಾತಾಡಿಕೊಂಡು ಬಹಳ ದಿನವಾಗಿತ್ತು. ಪಕ್ಕದಲ್ಲಿ ನಿಂತ ನನ್ನನ್ನು ಎಂದಿನಂತೆ ಇಬ್ಬರೂ ಮರೆತರು, ಆದರೆ ಆವತ್ತು ನನಗೆ ಬೇಜಾರಾಗಲಿಲ್ಲ.

ಕದಿರೇಶನ ಹತ್ತಿರ ಹೊಸ ಬ್ರೇಕ್ ಪ್ಯಾಡುಗಳಿದ್ದವು. ಡಿಸ್ಕನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಹಳೆಯ ಪ್ಯಾಡು ಎಸೆದು ಹೊಸದು ಹಾಕಿದ. ಮೊದಲು ಇವನ್ನು ನಾಲ್ಕಾರು ಸಲ ಹಾಕಿ ಬಿಟ್ಟು ಪಳಗಿಸಬೇಕು ಅಂದ. ಅಮ್ಮನ ಅನುಮಾನದ ಎದುರು ನಾಲ್ಕಾರು ಯಾವ ಲೆಕ್ಕ. ಆ ಸಣ್ಣ ಇಳಿಜಾರಿನಲ್ಲಿ ಆಶಾಳನ್ನು ಇಳಿಸಿ ನಿಲ್ಲಿಸಿ, ಇಳಿಸಿ ನಿಲ್ಲಿಸಿ, ಕದಿರೇಶ್ ಸಾಕಮ್ಮಾ ಅಂತ ಕೈಮುಗಿಯುವವರೆಗೆ ಬಿಡಲಿಲ್ಲ. ಆಮೇಲೆ ಅಮ್ಮ ಬ್ರೇಕನ್ನು ತಾನೇ ಹಿಡಿದುಕೊಂಡು, ನಮಗೆ ಹಿಂದಿನಿಂದ ನೂಕಿ ಅಂದಳು. ನಾನೂ ಕದಿರೇಶನೂ ಉಸಿರು ಕಟ್ಟಿ ನೂಕಿದೆವು. ಟಯರು ಮಣ್ಣಿನಲ್ಲಿ ಜಾರಿತೇ ಹೊರತು ಚಕ್ರ ತಿರುಗಲಿಲ್ಲ.

"ಸರಿ, ಹೋಗು," ಅಂದಳು.

ಆಶಾ ಹತ್ತಿ ಪೆಡಲ್ ತುಳಿದಳು. ಸೈಕಲ್ ಅಲುಗಲಿಲ್ಲ. ಇದೇನಪ್ಪಾ ಮತ್ತೆ ಅಂತ ನೋಡಿದರೆ ಅಮ್ಮನ ಕೈ ಇನ್ನೂ ಬ್ರೇಕಿನ ಮೇಲೇ ಇತ್ತು. ಆಶಾ ಅವಸರ ಮಾಡಲಿಲ್ಲ. ಅತ್ತೆಯ ಮುಖ ನೋಡುತ್ತಾ ಸುಮ್ಮನೆ ಕಾದಳು. ಸ್ವಲ್ಪ ಹೊತ್ತಿಗೆ ಅಮ್ಮ ಕೈ ತೆಗೆದು ಹಿಂದಕ್ಕೆ ಬಂದು ನನ್ನ ಪಕ್ಕ ನಿಂತಳು.

ಆಶಾ ಹೋದಳು. ಮೊದಲ ಬಂಡೆಸಂದಿನಲ್ಲಿ ಮರೆಯಾಗಿ ಆಚೆ ಎದ್ದಳು. ಅಮ್ಮ ನನ್ನ ಮುಂಗೈ ಹಿಡಿದಳು. ಎಲ್ಲಿದ್ದಾಳೆ ಅಂತ ಕೇಳಿದಳು, ಮೊದಲ ತಿರುವು ಅಂದೆ, ಮುಂಗೈ ಅದುಮಿದಳು. ಈಗ ಎಲ್ಲಿ ಅಂದಳು, ಹಲಗೆಯ ಹತ್ತಿರ ಅಂದೆ, ಇನ್ನೂ ಬಲವಾಗಿ ಅದುಮಿದಳು. ರಾಗಿ ಬೀಸಿ ಬೀಸಿ ಗಟ್ಟಿಯಾದ ಕೈ ಅದು, ನನ್ನ ಬೆರಳುಗಳು ಜೋಮು ಹಿಡಿದವು. ಹಲಗೆಯ ಮೇಲಿಂದ ಆಶಾ ನೆಗೆದಳು. ಒಂದು ಗಳಿಗೆ ಅವಳ ಎರಡು ಚಕ್ರವೂ ನೆಲದ ಮೇಲಿರಲಿಲ್ಲ. ಅದನ್ನು ಮಾತ್ರ ನಾನು ಹೇಳಲಿಲ್ಲ. ಅಷ್ಟು ಚೆಂದ ಇತ್ತು ಅದು.

ಮಾವಿನ ಮರಗಳ ಕೆಳಗೆ ಹೋಗಿ, ಬೇಲಿಯ ಹತ್ತಿರ ಮತ್ತೆ ಕಾಣಿಸಿಕೊಂಡು, ಕಾಲೂರಿ ನಿಂತಳು. ಕೆಳಗಿನಿಂದ ಎರಡೂ ಕೈ ಎತ್ತಿ ಬೀಸಿದಳು. ನಿಂತಳಮ್ಮಾ ಅಂದೆ. ಅಮ್ಮ ನನ್ನ ಕೈ ಬಿಟ್ಟಳು.

ಜೀವ ಒಪ್ಪಿತೇ ಅಂತ ನಾನು ಕೇಳಬೇಕಾಗಿತ್ತು. ಅಷ್ಟರಲ್ಲಿ ಅವಳೇ ಹೇಳಿದಳು.

"ಲೇ ಭೀಮ, ಮೇಲಕ್ ಬಂದು ಇನ್ನೊಂದ್ ಸಲ ಇಳಿಯೋಕ್ ಹೇಳೋ ಅವಳಿಗೆ. ಈ ಸಲ ಕಣ್ಣು ಬಿಟ್ಕೊಂಡು ನೋಡ್ತೀನಿ."