ಎಳೆ ಗರಿ ಕಟ್ಟಿದ ನೀರು

ಬಿಸಿನೀರು ಬಿದ್ದ ಸಾಗೊ ಮರದ ಹಿಟ್ಟು ಇನ್ನೂ ಬೆಳ್ಳಗೇ ಇತ್ತು. ಗಾಜಿನ ಹಾಗೆ ತಿಳಿಯಾಗುವ ತನಕ ಕೈ ಬಿಡುವಂತಿಲ್ಲ. ನಾನು ಕೋಲು ತಿರುವುತ್ತಾ ಕೂತಿದ್ದೆ. ಮಿಲ್ಕಾ ಅರಿಸಿನದ ಮೀನುಸಾರಿಗೆ ನಿಂಬೆ ಹಿಂಡುತ್ತಾ, ಮುಖ ಎತ್ತದೆ ಕೇಳಿದಳು.

"ದೊಡ್ಡಮ್ಮ, ಕಾಗದ ಬರೆದಾಯ್ತಾ?"

"ಅರ್ಧ ಆಗಿದೆ."

"ಪಡುಗಾಳಿ ಶುರುವಾದಾಗ್ಲೂ ಅರ್ಧ ಆಗಿತ್ತು. ಈಗ ಗಾಳಿ ನಿಂತೂ ಆಯ್ತು."

ಮಿಲ್ಕಾ ನನ್ನ ತಂಗಿಯ ಮಗಳು. ತಂಗಿ ತೀರಿಕೊಂಡ ಮೇಲೆ ನನ್ನ ಮಡಿಲಲ್ಲೇ ಬೆಳೆದವಳು. ದಡದ ನೀರಿನಲ್ಲಿ ಕಂಬ ನೆಟ್ಟು, ಅತಿಥಿಗಳಿಗೆಂದು ಎರಡು ಕೋಣೆ ಕಟ್ಟಿಸಿದ್ದಾಳೆ. ಯಾರೂ ಬಂದಿಲ್ಲ. ಸೊರೊಂಗ್ ಪಟ್ಟಣದಿಂದ ಪ್ರವಾಸಿಗರನ್ನು ಕಳಿಸುವ ನುರ್ಮಾ ಎಂಬವರು, ನಮ್ಮೂರ ಹೆಂಗಸರ ಸಂಘಕ್ಕೆ ನಾನು ಹಿರಿಯಳೆಂದು ನನ್ನ ಹೆಸರಿಗೇ ಬರೆದಿದ್ದರು: ಬಂದವರು ನೋಡಲೇಬೇಕಾದ್ದು ನಿಮ್ಮಲ್ಲಿ ಏನೇನಿದೆ ತಿಳಿಸಿ, ಮನಸ್ಸಿಗೆ ಹಿಡಿಸಿದರೆ ಜನ ಕಳಿಸುತ್ತೇನೆ.

"ಇವತ್ತಿನ ದೋಣಿಗೆ ಕಾಗದ ಹೋಗ್ಲಿಲ್ಲ ಅಂದ್ರೆ, ಮುಂದಿನ ದೋಣಿಗೆ ನಾನೇ ಹೋಗ್ತೀನಿ. ಸೊರೊಂಗ್‌ನ ಹೋಟ್ಲಲ್ಲಿ ತಟ್ಟೆ ತೊಳೆಯೋಕೆ ಕರೆದಿದಾರೆ."

ಸಿಟ್ಟಿನಲ್ಲಿ ಅಂದಿದ್ದರೆ ನಾನು ಅಂಜುತ್ತಿರಲಿಲ್ಲ. ಸಮಾಧಾನವಾಗಿ ಅಂದಳು.

ಮುಟ್ಟಿದರೂ ಉರಿಯದ ಲೋಳೆಮೀನುಗಳ ಕೆರೆ, ಕಡಲಿಗೆ ಬಾಗಿದ ಬಂಡೆಯ ಮೇಲೆ ಹಿಂದಿನವರ್ಯಾರೋ ಒತ್ತಿಹೋದ ಕೆಂಪು ಅಂಗೈಗಳು, ಬೆಳಗಿನ ಮಂಜಿನಲ್ಲಿ ಮರದ ತುದಿಗೆ ಕುಣಿಯುವ ಕೆಂಪು ಗರಿಯ ಸ್ವರ್ಗಪಕ್ಷಿ, ಇಷ್ಟನ್ನು ಬರೆದಿದ್ದೆ. ಆದರೆ ಇದನ್ನೆಲ್ಲ ಪಕ್ಕದ ದ್ವೀಪದವರೂ ಬರೆಯುತ್ತಾರೆ. ನಮ್ಮದೇ ಅನ್ನುವಂಥದ್ದು ಒಂದು ಕೊಲ್ಲಿ. ಅದನ್ನು ಮುಚ್ಚಿದ್ದೇವೆ.

ಮೀನು ಮರಿ ಮಾಡಿ ಹೆಚ್ಚಲೆಂದು, ಚರ್ಚಿನಲ್ಲಿ ಪ್ರಾರ್ಥನೆ ಮಾಡಿ, ಕೊಲ್ಲಿಯ ಬಾಯಲ್ಲಿ ಕಂಬ ನೆಟ್ಟು, ಎಳೆ ತೆಂಗಿನ ಗರಿ ಕಟ್ಟಿ ಮುಚ್ಚುವುದು. ಬಿಚ್ಚುವ ತನಕ ಯಾರೂ ಒಳಗೆ ಹೋಗುವಂತಿಲ್ಲ, ಒಳಗಿರುವುದನ್ನು ಹೊಗಳುವಂತಿಲ್ಲ. ಹೊಗಳಿದರೆ ಮೀನು ನಾಚಿಕೊಂಡು ಹೊರಟುಹೋಗುತ್ತದೆ ಅನ್ನುತ್ತಿದ್ದಳು ನಮ್ಮಮ್ಮ. ಹೆಸರನ್ನೂ ಎತ್ತಬಾರದು, ಅದಕ್ಕೇ ಇಲ್ಲೂ ಬರೆಯುತ್ತಿಲ್ಲ.

"ಅದನ್ನ ಬಿಟ್ಟು ಇನ್ನೇನ್ ಬರೀತೀಯ? ನಮ್ಮ ಕೋಳಿಗೂಡಿನ ವಿಷ್ಯಾನಾ?" ಅಂದಳು ಮಿಲ್ಕಾ.

"ಕೋಳಿಗೂಡೂ ಚೆನ್ನಾಗೇ ಇದೆ."

ಅವಳಿಗೆ ನಗು ಬಂತು, ನುಂಗಿಕೊಂಡಳು.

ಗಾಳಿಗೆ ಕಂಬದ ಗರಿ ಉದುರಿತ್ತು. ಹೊಸದು ಕಟ್ಟುವುದು ನನ್ನ ಕೆಲಸ. ಉಂಡು, ಕಿರುದೋಣಿಯಲ್ಲಿ ಹೊರಟೆವು. ನನ್ನ ತೋಳು ಸೋತಿದೆ, ಹುಟ್ಟು ಹಾಕಿದ್ದು ಅವಳೇ.

ಕಂಬದ ಹತ್ತಿರ ನೀರು ಇದೆಯೋ ಇಲ್ಲವೋ ಅನ್ನುವಷ್ಟು ತಿಳಿಯಾಗಿತ್ತು. ದೋಣಿ ತನ್ನ ನೆರಳಿನ ಮೇಲೆ ತೂಗುಹಾಕಿದ ಹಾಗಿತ್ತು. ಸುತ್ತಲಿನ ಬಂಡೆಗಳಿಂದ ಹಸಿರು ಇಳಿದು, ನೀರೊಳಗೂ ಬೆಳೆದು, ಯಾವುದು ಮೇಲು ಯಾವುದು ಕೆಳಗು ತಿಳಿಯುತ್ತಿರಲಿಲ್ಲ. ನಾನು ನಿಧಾನವಾಗಿ ಗರಿ ಕಟ್ಟಿದೆ. ಏನೋ ಹೇಳಲು ಬಾಯಿ ತೆರೆದೆ.

"ಷ್, ಮಾತಾಡ್ಬೇಡ," ಮಿಲ್ಕಾ ಪಿಸುಗುಟ್ಟಿದಳು.

ಒಳಗಿನಿಂದ ಚಪ್ಪಟೆ ಮೈಯ ದೊಡ್ಡದೊಂದು ತೊರಕೆ ಮೀನು ಬರುತ್ತಿತ್ತು. ನಿದ್ದೆಯಲ್ಲಿ ರೆಕ್ಕೆ ಬಡಿಯುವ ಹಾಗೆ ಬಡಿಯುತ್ತಾ ನಮ್ಮ ಕೆಳಗೆ ಹಾಯ್ದು, ತೆರೆದ ಕಡಲನ್ನು ಒಮ್ಮೆ ನೋಡಿದಂತೆ ಮಾಡಿ, ತಿರುಗಿ ಒಳಗೆ ಹೋಯಿತು. ಮಿಲ್ಕಾಳ ಕಡೆ ನೋಡಿದೆ. ಹುಟ್ಟಿನಿಂದ ಒಂದು ಹನಿಯೂ ಕಂಬದಾಚೆ ಬೀಳಬಾರದೆಂದು ಅದನ್ನು ಮಡಿಲಲ್ಲಿ ಅಡ್ಡ ಇಟ್ಟುಕೊಂಡು, ಲಂಗ ಪೂರ್ತಿ ನೆನೆಸಿಕೊಂಡು ಕೂತಿದ್ದಳು. ಇವಳು ಕರೆತಂದರೆ ಯಾರನ್ನಾದರೂ ಹೀಗೇ ಕೂರಿಸುತ್ತಾಳೆ ಅನ್ನಿಸಿತು.

ಕಾಗದದ ಉಳಿದರ್ಧವನ್ನು ದೋಣಿ ನಿಲ್ಲುವ ಧಕ್ಕೆಯ ಮೇಲೆ ಸಾಗೊ ಮೂಟೆಗೊರಗಿ ಬರೆದೆ. ಟಪಾಲು ದೋಣಿಯ ಬಾಸ್ತಿಯಾನ್ ಹಗ್ಗ ಬಿಚ್ಚಿ ಹಿಡಿದು ನಿಂತಿದ್ದ.

"ಅಜ್ಜಿ, ಎಂಜಿನ್ ಶುರು ಮಾಡ್ಲಾ, ಇಲ್ಲಾ ನಿಮ್ ಕಾಗದ ಮುಗಿಯೋದ್ರೊಳಗೆ ನಾನೂ ಮುದುಕ ಆಗ್ಲಾ?"

"ಆಗಪ್ಪ, ಜೊತೆಗೊಬ್ಬರಾದ್ರೂ ಇರ್ಲಿ."

ಮಿಲ್ಕಾ ನನ್ನ ಹೆಗಲ ಮೇಲಿಂದ ಗಟ್ಟಿಯಾಗಿ ಓದಿದಳು: "ಗರಿ ಕಟ್ಟಿದ ಒಂದು ಕಂಬದವರೆಗೆ ನನ್ನ ಮಗಳು ಮಿಲ್ಕಾ ದೋಣಿಯಲ್ಲಿ ಕರೆದೊಯ್ಯುತ್ತಾಳೆ. ಅಲ್ಲಿ ಹುಟ್ಟು ಎತ್ತಿಟ್ಟು ಸುಮ್ಮನೆ ಕೂರಬೇಕು. ಆಚೆ ಹೋಗುವಂತಿಲ್ಲ. ಆಚೆ ಏನಿದೆ ಎಂದು ಕೇಳಲೂಬಾರದು."

"ದುಡ್ಡು ಖರ್ಚು ಮಾಡಿ ಬಂದೋರಿಗೆ ಮುಚ್ಚಿದ ಬಾಗ್ಲು ತೋರ್ಸೋದಾ, ದೊಡ್ಡಮ್ಮ? ಯಾರು ಬರ್ತಾರೆ?"

"ಗೊತ್ತಿಲ್ಲ ಕಣೆ. ನೀನು ಅಲ್ಲಿ ಎಷ್ಟು ಹೊತ್ತು ಕೂತಿದ್ದೆ, ಗೊತ್ತಾ?"

ಅವಳು 'ನನ್ನ ಮಗಳು' ಅನ್ನುವ ಕಡೆ ಬೆರಳಿಟ್ಟು ಇನ್ನೊಮ್ಮೆ ಓದಿಕೊಂಡಳು. ಆಮೇಲೆ ಕಾಗದವನ್ನು ತಾನೇ ಮಡಿಸಿ, ಲಕೋಟೆ ಅಂಟಿಸಿ, ಬಾಸ್ತಿಯಾನ್ ಕೈಗೆ ಕೊಟ್ಟಳು.

"ಬರೋವಾಗ ಸೊರೊಂಗಿಂದ ಎರಡು ಸೊಳ್ಳೆಪರದೆ ತಗೊಂಬಾ. ಬಿಳೀದು. ಕೋಣೆಗೆ."

ಅವನು ಲಕೋಟೆಯನ್ನು ಅಂಗಿಯೊಳಗೆ ಸೇರಿಸಿಕೊಂಡು, ಧಕ್ಕೆಯನ್ನು ಕಾಲಲ್ಲಿ ನೂಕಿ, ದೋಣಿಯನ್ನು ಕಡಲಿಗೆ ಬಿಟ್ಟ.