ಹನ್ನೆರಡು ತಂತಿಗೆ ಗಾಳದ ದಾರ

ನಮ್ಮಕ್ಕ ಕೂಲೇಯ್ ಹಾಡುವುದನ್ನು ಬಿಟ್ಟಳು ಎಂಬ ಸುದ್ದಿ ಮೊಲೊಕಾಯ್ ದ್ವೀಪವನ್ನೆಲ್ಲ ಸುತ್ತಿ ಕೊನೆಗೆ ನನ್ನ ಕಿವಿಗೆ ಬಿತ್ತು. ನಲವತ್ತು ವರ್ಷ ಅವಳ ಪಕ್ಕ ಕೂತು ಗಿಟಾರ್ ನುಡಿಸಿದವಳು ನಾನು. ಮೊದಲು ಹೇಳಬೇಕಾದದ್ದು ನನಗೆ. ಸಿಟ್ಟು ಬರದೆ ಇರುತ್ತದೆಯೇ?

ಕಾರಣ ಎಲ್ಲರಿಗೂ ಗೊತ್ತಿತ್ತು. ನಮ್ಮ ಹಾಡಿನ ಸೊಗಸೆಲ್ಲ ಒಂದು ಜಿಗಿತದಲ್ಲಿದೆ. ಎದೆಯ ದನಿಯಿಂದ ಮೇಲಿನ ಕಳ್ಳದನಿಗೆ ಹಾರಬೇಕು, ಹಾರಿದ್ದು ಕೇಳುವವರಿಗೆ ಗೊತ್ತಾಗಬೇಕು. ಚಿಕ್ಕಪ್ಪನ ಮಗನ ಮದುವೆಯಲ್ಲಿ ಅಕ್ಕ ಹಾರಿದಳು, ಆಚೆ ದಡ ಸಿಗಲಿಲ್ಲ. ಅರವತ್ತೊಂದು ವರ್ಷದ ಹೆಂಗಸು ಮೈಕಿನ ಮುಂದೆ ಕೆಮ್ಮಿ, ಪೆಚ್ಚುನಗೆ ನಕ್ಕು, ಕೂತುಬಿಟ್ಟಳು.

ಬಿಟ್ಟರೆ ಬಿಡಲಿ ಎನ್ನಬಹುದಿತ್ತು. ಆದರೆ ಅವಳ ಮೊಮ್ಮಗಳು ಲಿಲಿನೋಯೆಗೆ ವರ್ಷ ತುಂಬುವುದರಲ್ಲಿತ್ತು. ಲುವಾವ್ ಔತಣಕ್ಕೆ ಮುನ್ನೂರು ಜನ ಬರುವವರಿದ್ದರು. ಮಗುವಿನ ಹೆಸರಿನ ಮೇಲೆ ಹಾಡು ಕಟ್ಟಿ, ಅದನ್ನು ಮೊದಲ ಸಲ ಮನೆಯವರೇ ಹಾಡುವುದು ನಮ್ಮ ಮನೆತನದಲ್ಲಿ ನಡೆದುಬಂದದ್ದು. ಅಕ್ಕ ಹಾಡು ಕಟ್ಟಿದ್ದಳು. ಅಷ್ಟು ಒಳ್ಳೆಯ ಹಾಡನ್ನು ಅವಳು ಹಿಂದೆಂದೂ ಕಟ್ಟಿರಲಿಲ್ಲ. ಹಾಡಲು ಮಾತ್ರ ಮಾವಿ ದ್ವೀಪದಿಂದ ಕವೀಕಾ ಎಂಬ ಗಾಯಕನನ್ನು ಗೊತ್ತುಮಾಡಿದ್ದಳು.

"ಮಗು ಹೆಸರನ್ನ ಬಾಡಿಗೆ ಬಾಯಲ್ಲಿ ಹೇಳಿಸ್ತೀಯಾ?" ಅಂದೆ.

"ನನ್ ಬಾಯಲ್ಲಿ ಒಡೆದು ಹೋಗೋದಕ್ಕಿಂತ ಅದೇ ವಾಸಿ. ನೀನು ಗಿಟಾರ್ ಬಾರಿಸು ಪುವಾ, ಬಾಯಿ ಬಾರಿಸ್ಬೇಡ."

ನಮ್ಮವರ ಗಿಟಾರಿನಲ್ಲಿ ಎಲ್ಲ ಕಾಯಿಲೆಗೂ ಒಂದೇ ಮದ್ದು, ತಂತಿ ಸಡಿಲಿಸುವುದು. ಯಾವುದನ್ನು ಎಷ್ಟು ಸಡಿಲಿಸಬೇಕೆಂಬುದೇ ಒಂದೊಂದು ಮನೆಯ ಗುಟ್ಟು. ಅಕ್ಕನ ದನಿ ಇಳಿದಂತೆಲ್ಲ ನಾನೂ ಐದು ವರ್ಷದಿಂದ ಸಡಿಲಿಸುತ್ತಲೇ ಬಂದಿದ್ದೆ. ಕಡೆಗೆ ತಂತಿಗಳು ಬಟ್ಟೆ ಒಣಹಾಕುವ ಹಗ್ಗದಂತೆ ಜೋತುಬಿದ್ದು, ಬೆರಳಿಟ್ಟಲ್ಲೆಲ್ಲ ಝರ್ ಎನ್ನುತ್ತಿದ್ದವು. ಅವಳ ಕಂಠ ಕೆಟ್ಟಿತು ಎಂದು ಊರೆಲ್ಲ ಹೇಳಿತು. ನನ್ನ ಗಿಟಾರ್ ಕೆಟ್ಟಿದೆ ಎಂದು ಯಾರೂ ಹೇಳಲಿಲ್ಲ, ನಾನೂ ಹೇಳಲಿಲ್ಲ.

ಆ ಮದುವೆಯ ವಿಡಿಯೊವನ್ನು ಒಂದು ಮಧ್ಯಾಹ್ನ ಮತ್ತೆ ಮತ್ತೆ ಹಾಕಿ ಕೇಳಿದೆ. ನನ್ನದು ಹನ್ನೆರಡು ತಂತಿಯ ಗಿಟಾರ್, ಅಂದರೆ ಆರು ಜೋಡಿ. ಅದರಲ್ಲಿ ನಾಲ್ಕು ಜೋಡಿಗಳಲ್ಲಿ ದಪ್ಪ ತಂತಿಯ ಜೊತೆಗೊಂದು ಸಣ್ಣ ತಂತಿ ಇದ್ದು, ಅದು ಮೇಲಿನ ಸ್ವರದಲ್ಲಿ ಮಿಡಿಯುತ್ತದೆ. ಮೂರನೆಯ ಜೋಡಿಯದಂತೂ ಎಲ್ಲಕ್ಕಿಂತ ಮೇಲೆ. ಅಕ್ಕ ಹಾರಿ ಇಳಿಯಬೇಕಾದ ಜಾಗದಲ್ಲೇ ಅದು ಕಿರಿಚುತ್ತಿತ್ತು. ಅವಳಿಗೆ ಕಾಲಿಡಲು ಜಾಗವೇ ಇರಲಿಲ್ಲ, ಅಲ್ಲಿ ನಾನು ಮೊದಲೇ ಹೋಗಿ ಕೂತಿದ್ದೆ! ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ ಎಂದು ಹಣೆ ಚಚ್ಚಿಕೊಂಡೆ.

ಮರುದಿನದಿಂದಲೇ ಕೆಲಸಕ್ಕೆ ಇಳಿದೆ. ಜೋತುಬಿದ್ದ ತಂತಿಗಳನ್ನೆಲ್ಲ ಕಿತ್ತೆಸೆದು ದಪ್ಪನೆಯವನ್ನು ಹಾಕಿದೆ. ಸ್ವರ ಕೆಳಗಿದ್ದೂ ಬಿಗಿ ಉಳಿಯಿತು. ಮೂರನೆಯ ಜೋಡಿಯ ಸಣ್ಣದನ್ನು ತೆಗೆದುಹಾಕಿದೆ. ಮುಂದಿನ ಹಲ್ಲು ಬಿದ್ದ ಬಾಯಿಯಂತಾಯಿತು. ಅದರ ಬದಲು ಇನ್ನೊಂದು ದಪ್ಪ ಉಕ್ಕಿನ ತಂತಿ ಹಾಕಿದರೆ ಬರೀ ಗುಂಯ್ ಗುಂಯ್. ಒಂದು ವಾರ ಹಾಗೆ ಹೀಗೆ ಮಾಡಿ, ಕೊನೆಗೆ ಭಾವ ಲಿಕೇಕೆಯ ಶೆಡ್ಡಿಗೆ ನುಗ್ಗಿ, ದೊಡ್ಡ ಉಲುವಾ ಮೀನು ಹಿಡಿಯುವ ಗಾಳದ ದಾರದ ಉಂಡೆಗೆ ಕೈ ಹಾಕಿದೆ. ಭಾವ ಬಾಗಿಲಲ್ಲೇ ನಿಂತಿದ್ದರು.

"ಏನ್ ಪುವಾ, ಗಾಳ ಹಾಕೋಕ್ ಹೊರಟ್ಯಾ?"

"ಹೂಂ ಭಾವ. ನಿಮ್ ಹೆಂಡ್ತೀನ ಹಿಡೀಬೇಕು."

"ಹಾಗಾದ್ರೆ ಇನ್ನೂ ದಪ್ಪಂದು ತಗೋ. ಅವಳು ಎಳೆದ್ರೆ ಇದು ತಡಿಯಲ್ಲ."

ಹಳೆಯ ತಂತಿಯ ತುದಿಯ ಮಣಿಯನ್ನು ಬಿಡಿಸಿ ದಾರಕ್ಕೆ ಕಟ್ಟಿದೆ. ಗಂಟು ಎರಡು ಸಲ ಜಾರಿತು, ಮೂರನೆಯ ಸಲ ಕಚ್ಚಿಕೊಂಡಿತು. ಉಕ್ಕಿನ ತಂತಿಯ ಪಕ್ಕದಲ್ಲಿ ದಾರ, ಎರಡಕ್ಕೂ ಒಂದೇ ಸ್ವರ. ಮಿಡಿದೆ. ದಾರ ಕೂಗಲಿಲ್ಲ, ಉಕ್ಕಿನ ಕೆಳಗೆ ಮೆತ್ತಗೆ ಗುನುಗಿತು. ನಾಲ್ಕನೆಯ ಜೋಡಿಗೂ ಹಾಗೇ ಮಾಡಿದೆ. ಸಣ್ಣ ತಂತಿಗಳನ್ನು ಕೆಳಗಿನ ಎರಡು ಜೋಡಿಗಳಲ್ಲಿ ಮಾತ್ರ ಉಳಿಸಿದೆ. ಹಾಡನ್ನು ಮೊದಲಿಂದ ಕೊನೆವರೆಗೆ ನುಡಿಸಿದಾಗ, ಮೇಲುಗಡೆ ಅಕ್ಕನಿಗೆಂದೇ ಬಿಟ್ಟಷ್ಟು ಜಾಗ ಖಾಲಿ ಇತ್ತು. ಸಂತೋಷಕ್ಕೆ ಅಳು ಬಂತು. ಒಬ್ಬಳೇ ಇದ್ದೆ, ಚೆನ್ನಾಗಿ ಅತ್ತೆ.

ಲುವಾವ್ ದಿನ ಬೆಳಿಗ್ಗೆ ನೆಲದ ಒಲೆಯಿಂದ ಹಂದಿ ತೆಗೆಯುತ್ತಿದ್ದಾಗ ಕವೀಕಾ ಬಂದು ನನ್ನೆದುರು ಕೂತ. ಎರಡು ಸಲ ಹಾಡಿ ನೋಡಿದ. ಅವನದು ಎತ್ತರದ ದನಿ, ಪಾಪ, ಎಲ್ಲೂ ಹೊಂದಿಕೊಳ್ಳಲಿಲ್ಲ.

"ಆಂಟಿ, ಸ್ವಲ್ಪ ಮೇಲಕ್ಕೆ ಎತ್ತಿ."

"ಎತ್ತಿದ್ರೆ ತಂತಿ ಹರಿದುಹೋಗುತ್ತಪ್ಪ."

ಅವನು ಬಗ್ಗಿ ಗಿಟಾರಿನ ಹತ್ತಿರ ಕಿವಿ ತಂದು ಕೇಳಿದ. ಆಮೇಲೆ ನಕ್ಕ. "ಇದನ್ನ ಯಾರದೋ ಗಂಟಲಿಗೆ ಅಳತೆ ತಗೊಂಡು ಹೊಲಿದಿದೀರ. ನಂಗೆ ಆಗಲ್ಲ ಇದು."

ಅಕ್ಕ ಹಿಂದೆಯೇ ನಿಂತು ಕೇಳುತ್ತಿದ್ದಳು. "ಬೇಕಂತಲೇ ಮಾಡಿದೀಯ ನೀನು," ಅಂದಳು.

"ಹೌದು, ಬೇಕಂತಲೇ."

"ಮುನ್ನೂರ್ ಜನದ ಮುಂದೆ ಮತ್ತೆ ಒಡೆದ್ರೆ?"

"ಒಡೀಲಿ. ನಮ್ ಮಗು ಹೆಸರು, ನಮ್ಮನೆ ಬಾಯಲ್ಲೇ ಒಡೀಲಿ."

ಬಂದವರ ಕೈಯಲ್ಲಿ ಹತ್ತು ಗಿಟಾರ್‌ಗಳಾದರೂ ಇದ್ದವು. ಕೇಳಿದ್ದರೆ ಯಾರಾದರೂ ಕವೀಕಾನ ಹಾಡಿಗೆಂದು ಕೊಡುತ್ತಿದ್ದರು, ಅದು ಅವಳಿಗೂ ಗೊತ್ತಿತ್ತು. ಅವಳು ಯಾರನ್ನೂ ಕೇಳಲಿಲ್ಲ. "ಇನ್ನೊಂದ್ಸಲ ನುಡಿಸು," ಎಂದು ಕಣ್ಣು ಮುಚ್ಚಿ ನಿಂತಳು. ತುಟಿ ಅಲ್ಲಾಡುತ್ತಿತ್ತು.

ಮಧ್ಯಾಹ್ನ ಅವಳೇ ಮೈಕಿನ ಮುಂದೆ ನಿಂತಾಗ ಜನ ಊಟದ ತಟ್ಟೆ ಕೆಳಗಿಟ್ಟರು. ಮೊದಲ ಚರಣವನ್ನು ಅವಳು ಹುಷಾರಾಗಿ, ಮೇಲಕ್ಕೆ ಹೋಗದೆಯೇ ಮುಗಿಸಿದಳು. ಎರಡನೆಯದರಲ್ಲಿ "ಲಿಲಿ" ಎಂದು ಎದೆಯಲ್ಲಿ ಹಿಡಿದು, ನನ್ನ ಕಡೆ ಒಮ್ಮೆ ನೋಡಿ, "ನೋ" ಎಂದು ಹಾರಿದಳು. ದನಿ ಒಡೆಯಿತು. ಹೇಗೆ ಒಡೆಯಬೇಕೋ ಹಾಗೇ ಒಡೆದು ಆಚೆ ದಡದಲ್ಲಿ ಕಾಲೂರಿ ನಿಂತಿತು. ಮೂವತ್ತರ ವಯಸ್ಸಿನ ದನಿಯಾಗಿರಲಿಲ್ಲ ಅದು. ದಪ್ಪಗೆ, ತುಸು ಒರಟಾಗಿ, ಅಜ್ಜಿಯ ದನಿಯಾಗಿತ್ತು. ಅವಳು ಹಿಂದೆ ಹಾಡಿದ್ದೆಲ್ಲಕ್ಕಿಂತ ಇದೇ ಮೇಲು ಎಂದು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

"ಹಾನಾ ಹೋ! ಹಾನಾ ಹೋ!" ಮತ್ತೆ ಹಾಡು ಎಂದು ಮುನ್ನೂರು ಜನ ಎದ್ದು ನಿಂತು ಕೂಗಿದರು. ಭಾವ ಕಣ್ಣೊರೆಸಿಕೊಳ್ಳುತ್ತಾ ಎಲ್ಲರಿಗಿಂತ ಜೋರಾಗಿ ಕೂಗಿದರು. ಅಕ್ಕ ನಾಲ್ಕು ಸಲ ಹಾಡಿದಳು. ನಾಲ್ಕನೆಯ ಸಲ "ನೋ" ಎಂಬುದನ್ನು ಎಷ್ಟು ಹೊತ್ತು ಹಿಡಿದಳೆಂದರೆ ನಾನು ನುಡಿಸುವುದನ್ನು ನಿಲ್ಲಿಸಿ ಅವಳಿಗಾಗಿ ಕಾಯಬೇಕಾಯಿತು.

ಮುಗಿದ ಮೇಲೆ ಕವೀಕಾ ಅಕ್ಕನ ಹತ್ತಿರ ಬಂದು ತಲೆ ಬಾಗಿಸಿದ. "ಆಂಟಿ, ಈ ಹಾಡನ್ನ ನೀವು ಹಾಡಿದ ಹಾಗೇ ನಂಗೂ ಕಲಿಸಿಕೊಡಿ. ಮುಂದೆ ಯಾವತ್ತಾದ್ರೂ ಹಾಡೋರು ಬೇಕಾಗ್ತಾರೆ."

ಅಕ್ಕ ಮೊಮ್ಮಗಳನ್ನು ಸೊಂಟಕ್ಕೇರಿಸಿಕೊಂಡು ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ಕಲಿಸ್ತೀನಿ ಬಾ. ಇವಳ ಮದುವೇಲಿ ನಂಗೆ ಎಂಬತ್ತೈದು ದಾಟಿರುತ್ತೆ. ಆಗ ನಾನು ಹಾಡುವಾಗ ಹಿಂದೆ ದನಿಗೂಡಿಸೋಕೆ ಒಬ್ಬರು ಬೇಕು."