ಸೊಂಟದಷ್ಟು ಗುಂಡಿ

"ಆಳ ಸಾಲ್ದು ಕಣ್ಲಾ ಬಡ್ಡೀಹೈದ್ನೆ! ನಮ್ಮವ್ವನ್ನ ನರಿ ಎಳ್ಕೊಂಡೋಗ್ಲಿ ಅಂತಲಾ?"

ತೊಂಬತ್ತಾರನೇ ಇಸವಿಯ ಪುಷ್ಯ ಮಾಸ. ಊರಿನ ಕಣಗಳಲ್ಲೆಲ್ಲ ರಾಗಿ ಒಕ್ಕಣೆ ನಡೆದಿತ್ತು. ತಿಮ್ಮರಾಜು ಗೌಡರ ತೆಂಗಿನ ತೋಟದ ಅಂಚಿನಲ್ಲಿ ಕರಿಯಯ್ಯ ಒಬ್ಬನೇ ಗುಂಡಿ ಅಗೆಯುತ್ತಿದ್ದ, ಗೌಡರು ದಡದಲ್ಲಿ ನಿಂತು ಬೈಯುತ್ತಿದ್ದರು. ಗೌಡರ ತಾಯಿ ದ್ಯಾವಮ್ಮ ಬೆಳಗಿನ ಜಾವ ತೀರಿಕೊಂಡಿದ್ದಳು. ಕರಿಯಯ್ಯ ಆ ಮನೆಯ ಹಳೇಮಗ. ಅವರ ಸಾವಿಗೆ ಗುಂಡಿ ತೆಗೆಯುವುದು, ನೆಂಟರ ಬಾಗಿಲಿಗೆ ಹೋಗಿ ಸುದ್ದಿ ಮುಟ್ಟಿಸುವುದು ಅವನ ವಂಶದ ಪಾಲಿಗೆ ಬಂದದ್ದು. ಅದಕ್ಕೆ ವರ್ಷಕ್ಕೊಮ್ಮೆ ಕಣದಲ್ಲಿ ಒಂದಿಷ್ಟು ರಾಗಿ.

ಸುದ್ದಿ ಹೊತ್ತು ನಾಗಮಂಗಲಕ್ಕೆ ಕರಿಯಯ್ಯನ ಮಗ ಸಿದ್ದರಾಜು ಹೋಗಿದ್ದ.

"ಫೋನ್ ಮಾಡ್ಬುಡಿ ಬುದ್ಧಿ. ಇವತ್ತು ನಮ್ ಹೈದನ ಪಾಸ್‌ಪೋರ್ಟು ವಿಚಾರ್ಣೆಗೆ ಪೋಲೀಸ್ನೋರು ಬತ್ತಾರೆ" ಎಂದು ಕರಿಯಯ್ಯ ಬೆಳಿಗ್ಗೆಯೇ ಬೇಡಿಕೊಂಡಿದ್ದ.

"ಫೋನಲ್ಲಿ ಸಾವು ಹೇಳುದ್ರೆ ನಮ್ ನೆಂಟ್ರು ಬಂದಾರೇನ್ಲಾ? ಅಳೇಮಗ ಬಾಗ್ಲಲ್ಲಿ ನಿಂತ್ಕಂಡು ಹೇಳ್ಬೇಕು. ಹೋಗ್ಲಿ ಬುಡು, ಪೋಲೀಸ್ನೋನ್ಗೆ ನಾನೇ ಹೇಳ್ತೀನಿ."

ಸಿದ್ದರಾಜುವಿಗೆ ಹಾಲೆಂಡಿನಲ್ಲಿ ಎರಡು ವರ್ಷ ಮಣ್ಣಿನ ವಿಜ್ಞಾನ ಓದುವ ಸೀಟು ಸಿಕ್ಕಿತ್ತು, ಖರ್ಚೆಲ್ಲ ಸರ್ಕಾರದ್ದು. ವಿಚಾರಣೆಯಲ್ಲಿ ತೊಡಕಾದರೆ ಆ ಸೀಟು ಇನ್ನೊಬ್ಬರ ಪಾಲು.

ಮಧ್ಯಾಹ್ನ ಕಾನ್‌ಸ್ಟೇಬಲ್ ಬಂದ. ಗುಂಡಿಯ ಪಕ್ಕದಲ್ಲೇ ನಿಂತು ಕೇಳಿದ.

"ಸಿದ್ದರಾಜು ಅನ್ನೋನು ಈ ಊರೋನೇನಾ ಗೌಡ್ರೇ? ಎಂಗೆ ಅವ್ನು?"

"ಅವ್ನೆಲ್ಲಿ ಊರಲ್ಲವ್ನೆ? ಮನೆ ಬುಟ್ಟು ಅಲೀತಾವ್ನೆ. ಎಲ್ಲವ್ನೋ ಕಾಣೆ ಅಂತ ಬರ್ಕೊ."

ಕರಿಯಯ್ಯನ ಗುದ್ದಲಿ ನಿಂತಿತು. "ನೀವೇ ಕಳ್ಸುದ್ರಲ್ಲ ಬುದ್ಧಿ, ನಾಗಮಂಗ್ಲಕ್ಕೆ..."

"ಅಗೀಲಾ ನೀನು! ನಿನ್ ಮಗ ಸೀಮೆಗೋದ್ರೆ ನಾಳೆ ನನ್ ಸಾವ ಯಾರ್ಲಾ ಹೇಳೋರು?"

ಕಾನ್‌ಸ್ಟೇಬಲ್ ಗುಂಡಿಯ ಕಡೆ ನೋಡಲಿಲ್ಲ. ಬರೆದುಕೊಂಡ. ಎಳನೀರು ಕುಡಿದು, ಬುರುಡೆಯನ್ನು ಅಗೆದ ಮಣ್ಣಿನ ಮೇಲೆಸೆದು ಹೋದ.

ಹೊತ್ತು ಇಳಿಯುವಾಗ ಸಿದ್ದರಾಜು ಬಂದ. ಕಾಲೆಲ್ಲ ಧೂಳು.

"ಮುಟ್ಟುಸ್ದೆ ಕಣಪ್ಪ. ಅಂಗ್ಳದಿಂದಾಚೆಗೇ ನಿಲ್ಲುಸಿದ್ರು. ಹಿಂದಿನ್ ಬಸ್ಸಿಗೆ ಬತ್ತಾವ್ರೆ." ಉಸಿರು ಎಳೆದುಕೊಂಡು ಕೇಳಿದ. "ಪೋಲೀಸ್ನೋರು ಬಂದಿದ್ರಾ?"

ಗುಂಡಿ ಆಗ ಸೊಂಟದಷ್ಟಾಗಿತ್ತು. ಇನ್ನೂ ಅಷ್ಟೇ ಅಗೆಯಬೇಕಿತ್ತು. ಕರಿಯಯ್ಯ ಮಗನ ಕೈ ಹಿಡಿದು ಮೇಲಕ್ಕೆ ಬಂದ. ಗುದ್ದಲಿಗೆ ಮೆತ್ತಿದ್ದ ಮಣ್ಣನ್ನು ಬೆರಳಿನಿಂದ ಕೆರೆದು ಗುಂಡಿಗೇ ಹಾಕಿದ.

"ಎಲ್ಲಿಗ್ಲಾ ಹೊಂಟೆ? ಹೆಣ ಎತ್ತೋ ಹೊತ್ತು!"

"ನಾನೂವೆ ಊರಲ್ಲಿಲ್ಲ ಬುದ್ಧಿ. ಅಂಗೇ ಬರುಸ್ಬುಡಿ. ಈ ವರ್ಸದ ರಾಗೀನೂ ನೀವೇ ಮಡಿಕ್ಕಳಿ."

ಸಿದ್ದರಾಜು ಅಪ್ಪನ ಹಿಂದೆ ನಡೆದ. ಎದುರಿಗೆ ನಾಗಮಂಗಲದ ನೆಂಟರು ಎದೆ ಬಡಿದುಕೊಳ್ಳುತ್ತ ಬರುತ್ತಿದ್ದರು. ಕರಿಯಯ್ಯ ದಾರಿ ಬಿಡಲಿಲ್ಲ.

ಗುಂಡಿಯೊಳಗೆ ಎಳನೀರಿನ ಬುರುಡೆ ಉರುಳಿ ಬಿದ್ದಿತ್ತು.